ಫೈಟರ್‌ನ ಸರದಿ ಯಾವಾಗ ಬರುತ್ತದೆ?

ಬೆಂಗಳೂರಿನಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ, ಮೇಜಿನ ಸುತ್ತ ಕುಳಿತು ಪಾತ್ರ ವಹಿಸಿ ಆಡುವ ಕಥೆಯಾಟದ ಗುಂಪುಗಳಲ್ಲಿ ಈಗ ಒಂದೇ ಚರ್ಚೆ. 2024ರಲ್ಲಿ ಬಂದ ಪರಿಷ್ಕೃತ ನಿಯಮಗಳಿಗೆ ಹೋಗಬೇಕೇ, 2014ರ ಪುಸ್ತಕದಲ್ಲೇ ಉಳಿಯಬೇಕೇ, ಇಲ್ಲವೇ 2025ರಲ್ಲಿ ಬಂದ ಡ್ಯಾಗರ್‌ಹಾರ್ಟ್‌ನಂಥ ಬೇರೆ ಆಟಕ್ಕೆ ದಾಟಬೇಕೇ? ಮಾತು ಎಲ್ಲಿಂದ ಆರಂಭವಾದರೂ ಬಂದು ನಿಲ್ಲುವುದು ಒಂದು ಹಳೆಯ ದೂರಿನ ಮುಂದೆ: ಕತ್ತಿ ಹಿಡಿದವರಿಗೆ ಕೆಲಸವೇ ಉಳಿಯುವುದಿಲ್ಲ, ಮಂತ್ರ ಬಲ್ಲವರು ಎಲ್ಲವನ್ನೂ ಮಾಡಿ ಮುಗಿಸುತ್ತಾರೆ.

ಈ ದೂರು ಜಗತ್ತಿನ ಎಲ್ಲ ಮೇಜುಗಳಲ್ಲೂ ಇದೆ. ಆದರೆ ಪುಸ್ತಕ ಬರೆದವರು ಊಹಿಸಿದ್ದಕ್ಕಿಂತ ಹೆಚ್ಚು ತೀವ್ರವಾಗಿ ಅದು ನಮ್ಮ ಊರಿನ ಮೇಜುಗಳನ್ನು ಕಾಡುತ್ತಿದೆ, ಅದಕ್ಕೆ ಈ ಊರಿಗೆ ಸೇರಿದ ಎರಡು ಕಾರಣಗಳಿವೆ ಎಂಬುದು ನನ್ನ ವಾದ. ಒಂದು, ನಮಗೆ ಸಿಗುವ ಸಮಯ. ಇನ್ನೊಂದು, ಪುಸ್ತಕದ ಭಾಷೆ. ಎರಡನೆಯದರ ಬಗ್ಗೆ ಯಾರೂ ಮಾತನಾಡುವುದನ್ನು ನಾನು ಕೇಳಿಲ್ಲ, ಆದ್ದರಿಂದಲೇ ಈ ಲೇಖನ.

ಆಡದವರಿಗಾಗಿ ಸ್ವಲ್ಪ ವಿವರಣೆ. ನಾಲ್ಕೈದು ಮಂದಿ ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಡಂಜನ್ ಮಾಸ್ಟರ್, ಎಲ್ಲರ ಬಾಯಲ್ಲಿ ಡಿಎಂ. ಕಥೆಯ ಲೋಕ, ಶತ್ರುಗಳು, ಊರಿನ ಜನ ಎಲ್ಲ ಅವರ ಹೊಣೆ. ಉಳಿದವರಿಗೆ ತಲಾ ಒಂದು ಪಾತ್ರ, ಪ್ರತಿ ಪಾತ್ರಕ್ಕೂ ಒಂದು ಕ್ಲಾಸ್: ಆಯುಧ ಬಲ್ಲ ಫೈಟರ್, ಬೀಗ ತೆಗೆದು ಹೊಂಚುಹಾಕುವ ರೋಗ್, ಗ್ರಂಥ ಓದಿ ಮಂತ್ರ ಕಲಿತ ವಿಜಾರ್ಡ್, ದೈವಬಲದ ಕ್ಲೆರಿಕ್, ಹೀಗೆ 2014ರ ಮುಖ್ಯ ಪುಸ್ತಕದಲ್ಲಿ ಹನ್ನೆರಡು. ಏನಾದರೂ ಮಾಡಲು ಹೊರಟಾಗ ಇಪ್ಪತ್ತು ಮುಖದ ದಾಳ ಉರುಳಿಸಿ ಫಲ ತಿಳಿಯುತ್ತಾರೆ. ಅನುಭವ ಹೆಚ್ಚಿದಂತೆ ಪಾತ್ರದ ಲೆವೆಲ್ ಒಂದರಿಂದ ಇಪ್ಪತ್ತರವರೆಗೆ ಏರುತ್ತದೆ.

ಇಲ್ಲಿ ಆಟಗಾರರು ಪರಸ್ಪರ ಎದುರಾಳಿಗಳಲ್ಲ. ಎಲ್ಲರೂ ಒಂದೇ ತಂಡ. ಹಾಗಿದ್ದ ಮೇಲೆ ಯಾರು ಬಲಶಾಲಿ, ಯಾರು ಅಲ್ಲ ಎಂಬ ಲೆಕ್ಕ ಏಕೆ ಎಂದು ಅನೇಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ಈ ಆಟದಲ್ಲಿ ಹಂಚಿಕೊಳ್ಳಬೇಕಾದದ್ದು ಗೆಲುವನ್ನಲ್ಲ, ಕಥೆಯನ್ನು ತಿರುಗಿಸುವ ಅವಕಾಶವನ್ನು. ಭಾನುವಾರದ ಮಧ್ಯಾಹ್ನವೆಲ್ಲ ಕುಳಿತು, ತನ್ನ ಸರದಿಯಲ್ಲಿ ‘ಹೊಡೆಯುತ್ತೇನೆ’ ಎಂದು ಹೇಳಿ ದಾಳ ಉರುಳಿಸಿ, ಮತ್ತೆ ಇಪ್ಪತ್ತು ನಿಮಿಷ ಸುಮ್ಮನೆ ಕಾಯುವ ಆಟಗಾರನ ತಂಡ ಗೆದ್ದರೂ ಅವನಿಗೆ ಅದು ಗೆಲುವಾಗಿ ಕಾಣುವುದಿಲ್ಲ. ಅಂಥವರು ಜಗಳವಾಡುವುದಿಲ್ಲ. ಎರಡು ವಾರ ಬಿಟ್ಟು ಬರುವುದನ್ನು ನಿಲ್ಲಿಸುತ್ತಾರೆ.

ಹಳೆಯ ತೂಕ, ಹೊಸ ತಕ್ಕಡಿ

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಮೊದಲ ಆಟದಲ್ಲಿ ಇದ್ದದ್ದು ಮೂರೇ ಕ್ಲಾಸ್: ಕಾದಾಳು, ಮಾಂತ್ರಿಕ, ಕ್ಲೆರಿಕ್. 1975ರ ಗ್ರೇಹಾಕ್ ಎಂಬ ಪುರವಣಿಯಲ್ಲಿ ಕಳ್ಳ ಸೇರಿಕೊಂಡ. ಮಾಂತ್ರಿಕ ಕೊನೆಗೆ ಎಲ್ಲರನ್ನೂ ಮೀರಿಸುತ್ತಾನೆಂಬುದು ಆ ಕಾಲದವರಿಗೆ ಗೊತ್ತಿರಲಿಲ್ಲವೆಂದು ಈಗಿನ ಕೆಲವರು ಬರೆಯುತ್ತಾರೆ. ಹಳೆಯ ನಿಯಮಗಳನ್ನು ನಿಧಾನವಾಗಿ ಓದಿದರೆ ಆ ಮಾತು ನಿಲ್ಲುವುದಿಲ್ಲ. 1970ರ ದಶಕದ ಕೊನೆಗೆ ಬಂದ ಅಡ್ವಾನ್ಸ್‌ಡ್ ಆವೃತ್ತಿಯಲ್ಲಿ ಮಾಂತ್ರಿಕನ ಪ್ರಾಣಬಲಕ್ಕೆ ಉರುಳಿಸುವುದು ನಾಲ್ಕು ಮುಖದ ದಾಳ. ಮೊದಲ ಲೆವೆಲ್‌ನಲ್ಲಿ ದಿನಕ್ಕೆ ಒಂದೇ ಮಂತ್ರ. ಮಂತ್ರ ಹೇಳುವಾಗ ಒಂದು ಏಟು ಬಿದ್ದರೆ ಆ ಮಂತ್ರ ನಷ್ಟ. ಮರುದಿನಕ್ಕೆ ಕಂಠಪಾಠ ಮಾಡಿಕೊಳ್ಳಲು ಪ್ರತಿ ಮಂತ್ರದ ಪ್ರತಿ ಹಂತಕ್ಕೂ ಹದಿನೈದು ನಿಮಿಷ ಬೇಕು, ಆದ್ದರಿಂದ ದೊಡ್ಡ ಮಾಂತ್ರಿಕನಿಗೆ ಪೂರ್ತಿ ಸಿದ್ಧವಾಗಲು ಒಂದು ದಿನ ಸಾಲದು.

ಇನ್ನೊಂದು ತೂಕವೂ ಇತ್ತು. ಎರಡನೆಯ ಲೆವೆಲ್‌ಗೆ ಏರಲು ಕಳ್ಳನಿಗೆ ಸುಮಾರು 1,250 ಅನುಭವಾಂಕ ಸಾಕು, ಫೈಟರ್‌ಗೆ 2,000 ಬೇಕು, ಮಾಂತ್ರಿಕನಿಗೆ 2,500. ಒಂದೇ ಸಾಹಸ ಮಾಡಿ ಬಂದ ತಂಡದಲ್ಲಿ ಎಲ್ಲರ ಲೆವೆಲ್ ಒಂದೇ ಆಗಿರಬೇಕೆಂದಿರಲಿಲ್ಲ. ಒಂಬತ್ತನೆಯ ಲೆವೆಲ್ ತಲುಪಿದ ಫೈಟರ್ ಕೋಟೆ ಕಟ್ಟಿ ನೆಲೆಯೂರಿದರೆ ಸೈನಿಕರು ತಾವಾಗಿ ಬಂದು ಸೇರುತ್ತಿದ್ದರು. ಶಾಪ, ವಿಷ, ಮಾಯೆಗಳನ್ನು ತಡೆದುಕೊಳ್ಳುವ ಶಕ್ತಿಯಲ್ಲಿ ಮೇಲಿನ ಲೆವೆಲ್‌ನ ಫೈಟರ್ ಒಟ್ಟಾರೆ ಮುಂದಿನ ಸಾಲಿನಲ್ಲಿದ್ದ. ಮಾಂತ್ರಿಕನ ಮಂತ್ರಕ್ಕೆ ಎದೆಯೊಡ್ಡಿ ನಿಲ್ಲಬಲ್ಲವರಲ್ಲಿ ಅವನೂ ಒಬ್ಬ.

1997ರಲ್ಲಿ ಮೂಲ ಕಂಪನಿ ಟಿಎಸ್‌ಆರ್ ವಿಜಾರ್ಡ್ಸ್ ಆಫ್ ದ ಕೋಸ್ಟ್ ಕೈಸೇರಿತು. 2000ದಲ್ಲಿ ಮೂರನೆಯ ಆವೃತ್ತಿ ಬಂತು. ಅದು ಸುಂದರವಾದ ಆಟ, ನಿಯಮಗಳಲ್ಲಿ ಮೊದಲ ಬಾರಿಗೆ ಒಂದು ಏಕರೂಪತೆ ಕಂಡಿತು. ಎಲ್ಲ ಕ್ಲಾಸ್‌ಗಳಿಗೂ ಒಂದೇ ಅನುಭವದ ಕೋಷ್ಟಕ. ಮಂತ್ರ ಹೇಳುವಾಗ ಏಟು ಬಿದ್ದರೂ ದಾಳ ಉರುಳಿಸಿ ಉಳಿಸಿಕೊಳ್ಳಬಹುದು, ಜಾಗ್ರತೆಯಿಂದ ಹೇಳಿದರೆ ಏಟೇ ಬೀಳದಂತೆ ನೋಡಿಕೊಳ್ಳಬಹುದು. ಮಂತ್ರವನ್ನು ಅಗ್ಗದ ಸುರುಳಿಗಳಲ್ಲಿ ಬರೆದಿಟ್ಟುಕೊಳ್ಳಬಹುದು. ಫೈಟರ್‌ನ ಸೈನಿಕರು ಹೋದರು. ಮಾಯೆಯನ್ನು ತಡೆಯುವ ಮನೋಬಲದಲ್ಲಿ ಅವನು ಕೊನೆಯ ಸಾಲಿಗೆ ಬಂದ. ಹೀಗೆ ಒಂದೊಂದೂ ಆಟವನ್ನು ಸರಳಗೊಳಿಸುವ ಒಳ್ಳೆಯ ಬದಲಾವಣೆಯೇ. ಆದರೆ ತೆಗೆದುಹಾಕಿದ ಪ್ರತಿಯೊಂದು ತೊಡಕೂ ಮಾಂತ್ರಿಕನ ಕಾಲಿಗೆ ಕಟ್ಟಿದ ಗುಂಡಾಗಿತ್ತೆಂಬುದು ಕೆಲವು ವರ್ಷ ಆಡಿದ ಮೇಲೆ ಜನರಿಗೆ ಅರಿವಾಯಿತು. ಫೈಟರ್ ಸರಳರೇಖೆಯಲ್ಲಿ ಬೆಳೆಯುತ್ತಾನೆ, ವಿಜಾರ್ಡ್ ಒಂದು, ನಾಲ್ಕು, ಒಂಬತ್ತು ಎಂಬ ವರ್ಗಸಂಖ್ಯೆಗಳ ಲೆಕ್ಕದಲ್ಲಿ ಬೆಳೆಯುತ್ತಾನೆ ಎಂಬ ಮಾತು ಆಟಗಾರರಲ್ಲಿ ಗಾದೆಯಂತಾಯಿತು. ಆ ಆವೃತ್ತಿಯ ಡ್ರೂಯಿಡ್ (ಪ್ರಕೃತಿಯ ಮಂತ್ರಬಲದ ಕ್ಲಾಸ್) ಜೊತೆಗೆ ಸಾಕಿದ ಕರಡಿಯೇ ಕೆಲವೊಮ್ಮೆ ಫೈಟರ್‌ಗೆ ಸಮನಾಗಿರುತ್ತಿತ್ತು, ಡ್ರೂಯಿಡ್ ತಾನೂ ಕರಡಿಯಾಗಬಲ್ಲವನು.

2008ರ ನಾಲ್ಕನೆಯ ಆವೃತ್ತಿ ಇದಕ್ಕೆ ನೇರವಾದ ಉತ್ತರ ಕೊಟ್ಟಿತು. ಎಲ್ಲ ಕ್ಲಾಸ್‌ಗೂ ಒಂದೇ ಚೌಕಟ್ಟು: ಬೇಕೆಂದಾಗ ಬಳಸುವ ಶಕ್ತಿಗಳು, ಕಾಳಗಕ್ಕೊಮ್ಮೆ ಬಳಸುವವು, ದಿನಕ್ಕೊಮ್ಮೆ ಬಳಸುವವು. ಫೈಟರ್‌ಗೂ ಅಷ್ಟೇ, ವಿಜಾರ್ಡ್‌ಗೂ ಅಷ್ಟೇ. ನನ್ನ ತಿಳಿವಳಿಕೆಯಲ್ಲಿ ಈ ಆಟದ ಇತಿಹಾಸದಲ್ಲಿ ಫೈಟರ್ ಆಡಿದವರಿಗೆ ಅತಿ ಹೆಚ್ಚು ಗೌರವ ಸಿಕ್ಕಿದ್ದು ಆಗ. ಆದರೂ ಬಹಳ ಮಂದಿ ಅದನ್ನು ಒಪ್ಪಲಿಲ್ಲ. ಎಲ್ಲರ ಕೈಗೂ ಒಂದೇ ಆಕಾರದ ಸಾಮಗ್ರಿ ಕೊಟ್ಟರೆ ಪಾತ್ರಗಳ ರುಚಿ ಒಂದೇ ಆಗುತ್ತದೆ ಎಂದರು. 2009ರಲ್ಲಿ ಮೂರನೆಯ ಆವೃತ್ತಿಯ ಬುನಾದಿಯ ಮೇಲೆ ಪೈಜೋ ಕಂಪನಿ ಪಾತ್‌ಫೈಂಡರ್ ತಂದಾಗ ಹಳೆಯ ಆಟಗಾರರಲ್ಲಿ ಅನೇಕರು ಅತ್ತ ಹೋದರು. ಆ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮಂತ್ರ ಹಾಕುವುದಕ್ಕೂ ಕತ್ತಿ ಬೀಸುವುದಕ್ಕೂ ಆಡುವ ಕೈಗೆ ವ್ಯತ್ಯಾಸ ತಿಳಿಯಬೇಕು. ಐದನೆಯ ಆವೃತ್ತಿಯ ತಯಾರಿಯಲ್ಲಿ, 2012ರ ಬಹಿರಂಗ ಪರೀಕ್ಷೆಯ ಕರಡುಗಳಲ್ಲಿ, ಎಲ್ಲ ಫೈಟರ್‌ಗಳಿಗೂ ತಂತ್ರಗಾರಿಕೆಯ ದಾಳಗಳಿದ್ದವು. 2014ರಲ್ಲಿ ಪುಸ್ತಕ ಅಚ್ಚಾಗುವ ಹೊತ್ತಿಗೆ ಅವು ಬ್ಯಾಟಲ್ ಮಾಸ್ಟರ್ ಎಂಬ ಒಂದು ಉಪವರ್ಗದ (ಕ್ಲಾಸ್‌ನೊಳಗಿನ ಕವಲಿನ) ಪಾಲಾಗಿ, ಉಳಿದ ಫೈಟರ್‌ಗಳು ಬರಿಗೈಯಾದರು. ಸರಳವಾದ ಫೈಟರ್ ಬೇಕೆಂದು ಕೇಳಿದವರ ಆಸೆ ನೆರವೇರಿತು. ಅದರ ಬೆಲೆ ತೆತ್ತವರು ಬೇರೆಯವರು, ಅವರ ವಿಷಯಕ್ಕೆ ಮುಂದೆ ಬರುತ್ತೇನೆ.

ಒಂದು ಕಾಳಗದ ಲೆಕ್ಕ, ಆರು ಕಾಳಗದ ಲೆಕ್ಕ

ಐದನೆಯ ಆವೃತ್ತಿ ಸಮತೋಲನವನ್ನು ಇಟ್ಟಿರುವುದು ದಿನಚರಿಯಲ್ಲಿ. ವಿಜಾರ್ಡ್‌ನ ಮಂತ್ರಶಕ್ತಿ ದಿನಕ್ಕಿಷ್ಟು ಎಂದು ಅಳೆದು ಕೊಟ್ಟದ್ದು. ಎಂಟು ಗಂಟೆಯ ಲಾಂಗ್ ರೆಸ್ಟ್ ಆದ ಮೇಲೆಯೇ ಮತ್ತೆ ತುಂಬುತ್ತದೆ. ಫೈಟರ್‌ನ ಕತ್ತಿಗೆ ಅಂಥ ಮಿತಿಯಿಲ್ಲ, ಅವನ ವಿಶೇಷ ಶಕ್ತಿಗಳು ಒಂದು ಗಂಟೆಯ ಶಾರ್ಟ್ ರೆಸ್ಟ್‌ನಲ್ಲೇ ಮರಳುತ್ತವೆ. ಒಂದು ದಿನದಲ್ಲಿ ತಂಡ ಆರರಿಂದ ಎಂಟು ಮಧ್ಯಮ ಅಥವಾ ಕಠಿಣ ಘರ್ಷಣೆಗಳನ್ನು ಎದುರಿಸಬಲ್ಲದು ಎಂಬುದು 2014ರ ಡಿಎಂ ಪುಸ್ತಕದ ಅಂದಾಜು. ಈ ಅಂದಾಜಿನ ಮೇಲೆಯೇ ಇಡೀ ಕಟ್ಟಡ ನಿಂತಿದೆ.

ಲೆಕ್ಕ ಹಾಕಿ ನೋಡೋಣ. ಐದನೆಯ ಲೆವೆಲ್‌ನ ಫೈಟರ್, ಬಲ 18, ಕೈಯಲ್ಲಿ ಎರಡು ಕೈ ಹಿಡಿಯುವ ದೊಡ್ಡ ಕತ್ತಿ. ಎದುರಾಳಿಯ ರಕ್ಷಣೆ 15. ಬಲ ಮತ್ತು ಪರಿಣತಿಯ ಅಂಕಗಳೂ ಸೇರುವುದರಿಂದ ದಾಳದಲ್ಲಿ 8 ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ತಾಗುತ್ತದೆ, ಅಂದರೆ ನೂರಕ್ಕೆ 65 ಸಲ. ಒಂದು ಏಟಿಗೆ ಸರಾಸರಿ 11, ಪ್ರತಿ ಸುತ್ತಿನಲ್ಲಿ (ಎಲ್ಲರ ಸರದಿ ಒಮ್ಮೆ ಮುಗಿಯುವಷ್ಟರಲ್ಲಿ) ಎರಡು ಏಟು, ಆಗೀಗ ಬೀಳುವ ಕ್ರಿಟಿಕಲ್ ಎಂಬ ಹೆಚ್ಚು ಹಾನಿಯ ಏಟು ಸೇರಿಸಿದರೆ ಒಂದು ಸುತ್ತಿನಲ್ಲಿ ಸುಮಾರು 15. ಅದೇ ಲೆವೆಲ್‌ನ ವಿಜಾರ್ಡ್, ಬುದ್ಧಿ 18. ಫೈರ್‌ಬಾಲ್ ಎಸೆದರೆ ಆರು ಮುಖದ ಎಂಟು ದಾಳ, ಸರಾಸರಿ 28. ತಪ್ಪಿಸಿಕೊಂಡವರಿಗೂ ಅರ್ಧ ತಾಗುತ್ತದೆ. ನೂರಕ್ಕೆ ನಲವತ್ತು ಸಲ ತಪ್ಪಿಸಿಕೊಳ್ಳುತ್ತಾರೆಂದರೂ ತಲೆಗೆ 22ರ ಮೇಲೆ. ನಾಲ್ವರು ಒಟ್ಟಿಗೆ ಸಿಕ್ಕಿದರೆ 90. ಫೈಟರ್ ಆರು ಸುತ್ತಿನಲ್ಲಿ ಮಾಡುವ ಹಾನಿ ವಿಜಾರ್ಡ್‌ನ ಒಂದು ಸುತ್ತಿಗೆ ಸಮ.

ಈಗ ದಿನವನ್ನು ತೆಗೆದುಕೊಳ್ಳಿ. ವಿಜಾರ್ಡ್‌ಗೆ ಎರಡು ಫೈರ್‌ಬಾಲ್, ನಡುವೆ ಶಾರ್ಟ್ ರೆಸ್ಟ್ ಸಿಕ್ಕಿದರೆ ಇನ್ನೊಂದು. ಅವು ಮುಗಿದ ಮೇಲೆ ಫೈರ್ ಬೋಲ್ಟ್ ಎಂಬ ಸಣ್ಣ ಕಿಡಿ, ಒಂದು ಸುತ್ತಿನಲ್ಲಿ ಸರಾಸರಿ 8ರ ಆಸುಪಾಸು. ಕೆಳಹಂತದ ಮಂತ್ರಗಳು ಅವನ ಸ್ವಂತ ರಕ್ಷಣೆಗೇ ಖರ್ಚಾಗುತ್ತವೆಂದುಕೊಳ್ಳೋಣ. ದಿನಕ್ಕೆ ಆರು ಕಾಳಗ, ತಲಾ ನಾಲ್ಕು ಸುತ್ತು ಎಂದಾದರೆ ವಿಶೇಷ ಶಕ್ತಿಯಿಂದ ಸಿಗುವ ಹೆಚ್ಚುವರಿ ಏಟುಗಳೂ ಸೇರಿ ಫೈಟರ್ ಮಾಡುವ ಹಾನಿ ಒಟ್ಟು ಸುಮಾರು 405, ವಿಜಾರ್ಡ್‌ನದು ಸುಮಾರು 430. ಹೆಚ್ಚುಕಡಿಮೆ ಸಮ. ಆದರೆ ದಿನಕ್ಕೆ ಒಂದೇ ಕಾಳಗವಾದರೆ? ಮೊದಲ ಬೆಂಕಿ ನಾಲ್ವರ ಮೇಲೆ, ಎರಡನೆಯದು ಉಳಿದ ಇಬ್ಬರ ಮೇಲೆ, ಆಮೇಲೆ ಎರಡು ಕಿಡಿ. ವಿಜಾರ್ಡ್‌ನದು 150, ಫೈಟರ್‌ನದು ಎಲ್ಲ ಶಕ್ತಿ ಸೇರಿಸಿ 75. ನೇರ ಎರಡು ಪಟ್ಟು. ಪುಸ್ತಕದ ಒಂದಕ್ಷರವೂ ಬದಲಾಗಿಲ್ಲ, ಬದಲಾದದ್ದು ದಿನದ ಉದ್ದ ಮಾತ್ರ.

ಬೆಂಗಳೂರಿನ ಪಾಡು ಇಲ್ಲಿಯೇ ಆರಂಭವಾಗುತ್ತದೆ. ನಾನು ಆಡುವ ಮತ್ತು ನೋಡಿದ ಮೇಜುಗಳಲ್ಲಿ ಒಂದು ಕೂಟಕ್ಕೆ ಸಿಗುವುದು ಮೂರು ಗಂಟೆ. ವೈಟ್‌ಫೀಲ್ಡ್‌ನಿಂದ ಜಯನಗರಕ್ಕೆ ಬರುವವರು ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್‌ಗೆ ಬಂದು, ಹಸಿರು ಮಾರ್ಗ ಹಿಡಿದು, ಇಳಿದು ನಡೆದು ಬರಬೇಕು. ರಸ್ತೆಯಲ್ಲಿ ಬರುವವರ ಕಥೆ ಹೇಳಬೇಕಾಗಿಲ್ಲ. ಕೆಫೆಯಾದರೆ ಗಂಟೆಗಿಷ್ಟು ಎಂದು ಬಾಡಿಗೆ, ಮನೆಯಾದರೆ ಮನೆಯವರ ಊಟದ ಹೊತ್ತು, ಎಲ್ಲರಿಗೂ ಸೋಮವಾರದ ಕೆಲಸ. ಐದು ಮಂದಿ ಐದನೆಯ ಲೆವೆಲ್‌ನಲ್ಲಿ ಆಡುವ ಒಂದು ಕಾಳಗಕ್ಕೆ ಒಂದು ಗಂಟೆ ಸುಲಭವಾಗಿ ಹೋಗುತ್ತದೆ. ಆದ್ದರಿಂದ ಒಂದು ಭಾನುವಾರಕ್ಕೆ ಒಂದು ಕಾಳಗ, ಬಹಳವೆಂದರೆ ಎರಡು. ಮುಂದಿನ ಭಾನುವಾರ ಯಾರು ಬರುತ್ತಾರೋ ಖಾತ್ರಿಯಿಲ್ಲ. ಒಬ್ಬರಿಗೆ ಆನ್‌ಕಾಲ್, ಇನ್ನೊಬ್ಬರು ಊರಿಗೆ ಹೋಗಿದ್ದಾರೆ. ಹಾಗಾಗಿ ಡಿಎಂ ಕೂಟ ಮುಗಿಸುವಾಗಲೇ ‘ಎಲ್ಲರೂ ರಾತ್ರಿ ಮಲಗಿ ಎದ್ದಿರಿ’ ಎಂದು ಲಾಂಗ್ ರೆಸ್ಟ್ ಕೊಟ್ಟುಬಿಡುತ್ತಾರೆ. ಅನುಕೂಲಕ್ಕಾಗಿ ಹೇಳಿದ ಈ ಒಂದು ವಾಕ್ಯ ಪ್ರತಿ ವಾರ ವಿಜಾರ್ಡ್‌ನ ಬೊಕ್ಕಸ ತುಂಬುತ್ತದೆ. ಫೈಟರ್‌ಗೆ ಅದರಿಂದ ಸಿಗುವುದು ಬಹಳ ಕಡಿಮೆ, ಮಂತ್ರ ಬಲ್ಲ ಇನ್ನೊಂದು ಕ್ಲಾಸ್ ಆದ ವಾರ್ಲಾಕ್‌ಗೆ ಇನ್ನೂ ಕಡಿಮೆ, ಏಕೆಂದರೆ ಅವರಿಬ್ಬರೂ ಶಾರ್ಟ್ ರೆಸ್ಟ್ ನಂಬಿ ರೂಪುಗೊಂಡವರು.

ಇದಕ್ಕೆ ಪರಿಹಾರ ನಿಯಮದೊಳಗೇ ಇದೆ. ಎಂಟು ಗಂಟೆಯ ನಿದ್ರೆಯನ್ನು ಶಾರ್ಟ್ ರೆಸ್ಟ್ ಎಂದೂ ಏಳು ದಿನದ ವಿಶ್ರಾಂತಿಯನ್ನು ಲಾಂಗ್ ರೆಸ್ಟ್ ಎಂದೂ ಎಣಿಸುವ ಪರ್ಯಾಯ ನಿಯಮವೊಂದು 2014ರ ಡಿಎಂ ಪುಸ್ತಕದಲ್ಲಿದೆ. ನಮ್ಮಂಥ ಊರಿಗೆ ಅದೇ ಹೆಚ್ಚು ಹೊಂದುತ್ತದೆ. ಕಥೆಯ ಒಂದು ‘ದಿನ’ ಮೂರು ನಾಲ್ಕು ಭಾನುವಾರಗಳಿಗೆ ಹರಡಿಕೊಳ್ಳುತ್ತದೆ. ಯಾರ ಮಂತ್ರ ಎಷ್ಟು ಉಳಿದಿದೆ ಎಂಬುದು ಮರೆತುಹೋಗುತ್ತದೆಂಬ ಆತಂಕವಿದ್ದರೆ ಕೂಟ ಮುಗಿದಾಗ ಎಲ್ಲರ ಕ್ಯಾರೆಕ್ಟರ್ ಶೀಟ್‌ನ ಫೋಟೋ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರಾಯಿತು. ಒಂದೇ ಕೂಟದಲ್ಲಿ ಮುಗಿಯುವ ಕಥೆ ಆಡಿಸುವವರು ಮೂರನೆಯ ಅಥವಾ ನಾಲ್ಕನೆಯ ಲೆವೆಲ್‌ನಲ್ಲಿ ನಿಂತರೆ ಸಾಕು. ಫೈರ್‌ಬಾಲ್ ಸಿಗುವುದೇ ಐದರಲ್ಲಿ.

ನಾಲ್ಕು ಅಡಿ, ಐನೂರು ಅಡಿ

ಹಾನಿಯ ಲೆಕ್ಕ ಸರಿಹೋದರೂ ದೂರು ಮುಗಿಯುವುದಿಲ್ಲ. ಏಕೆಂದರೆ ಈ ಆಟದ ಮುಕ್ಕಾಲು ಪಾಲು ಕಾಳಗದ ಹೊರಗೆ ನಡೆಯುತ್ತದೆ. ಏಳನೆಯ ಲೆವೆಲ್‌ಗೆ ಬಂದ ಇಬ್ಬರನ್ನು ಹೋಲಿಸಿ. 2014ರ ಚಾಂಪಿಯನ್ ಎಂಬ ಉಪವರ್ಗದ ಫೈಟರ್‌ಗೆ ಆ ಲೆವೆಲ್‌ನಲ್ಲಿ ಸಿಗುವ ಗುಣ: ಅಭ್ಯಾಸವಿಲ್ಲದ ದೈಹಿಕ ಕೆಲಸಗಳಲ್ಲಿ ಸ್ವಲ್ಪ ಅನುಕೂಲ, ಜೊತೆಗೆ ಓಡಿ ಹಾರುವಾಗ ಬಲದ ಲೆಕ್ಕದಷ್ಟು ಹೆಚ್ಚುವರಿ ದೂರ. ಬಲ 18 ಇದ್ದರೆ ಅದು ನಾಲ್ಕು ಅಡಿ. ಅದೇ ಲೆವೆಲ್‌ನಲ್ಲಿ ವಿಜಾರ್ಡ್‌ಗೆ ನಾಲ್ಕನೆಯ ಹಂತದ ಮಂತ್ರಗಳು ತೆರೆದುಕೊಳ್ಳುತ್ತವೆ. ಡೈಮೆನ್ಶನ್ ಡೋರ್ ಹೇಳಿದರೆ ಒಬ್ಬರನ್ನು ಜೊತೆಗೆ ಕರೆದುಕೊಂಡು ಐನೂರು ಅಡಿ ದೂರಕ್ಕೆ ಕಣ್ಣು ಮಿಟುಕಿಸುವುದರೊಳಗೆ ಹೋಗಿ ನಿಲ್ಲಬಹುದು, ನಡುವೆ ಗೋಡೆಯಿದ್ದರೂ ಸರಿ. ಕಂದಕ ದಾಟಬೇಕು, ಕೋಟೆಯೊಳಗೆ ಹೋಗಬೇಕು, ಬಂದಿಯನ್ನು ಬಿಡಿಸಬೇಕು ಎಂಬ ಪ್ರಶ್ನೆಗಳಿಗೆಲ್ಲ ಅದೊಂದೇ ಉತ್ತರ. ಫೈಟರ್ ಆಡುವವರಿಗೆ ಬೇಸರ ತರುವುದು ಹಾನಿಯ ಕೊರತೆಗಿಂತ ಹೆಚ್ಚಾಗಿ ಇದು.

ಡಿಎಂ ಒಳ್ಳೆಯವರಾಗಿದ್ದರೆ ಎಲ್ಲರಿಗೂ ಅವಕಾಶ ಸಿಗುತ್ತದೆ ಎಂದು ಹಲವರು ಹೇಳುತ್ತಾರೆ. ತಾಳಮದ್ದಲೆಯನ್ನು ಕೇಳಿದವರಿಗೆ ಈ ಮಾತಿನ ಬೆಲೆಯೂ ಗೊತ್ತು, ಮಿತಿಯೂ ಗೊತ್ತು. ಕೃಷ್ಣಸಂಧಾನದಲ್ಲಿ ಕೃಷ್ಣನಿಗಿರುವ ಸಾಮರ್ಥ್ಯ ವಿದುರನಿಗಿಲ್ಲ. ಆದರೂ ವಿದುರನ ಅರ್ಥಧಾರಿ ಸಮರ್ಥನಾದರೆ, ಭಾಗವತರು ಪದ್ಯವನ್ನು ಎತ್ತಿಕೊಟ್ಟು ಕಾದರೆ, ಆ ರಾತ್ರಿ ವಿದುರನದು. ಗಮನಿಸಬೇಕಾದದ್ದು ಏನೆಂದರೆ, ವಿದುರನಿಗೆ ಪದ್ಯವಿದೆ. ಪ್ರಸಂಗ ಬರೆದ ಕವಿಯೇ ಅವನಿಗೊಂದು ಜಾಗ ಮಾಡಿಟ್ಟಿದ್ದಾನೆ. 2014ರ ಫೈಟರ್‌ಗೆ ಕಾಳಗದ ಹೊರಗೆ ಪದ್ಯವೇ ಇಲ್ಲ. ಇಲ್ಲದ ಪದ್ಯವನ್ನು ಪ್ರತಿ ವಾರ ಹುಟ್ಟಿಸಿಕೊಡಬೇಕಾದ ಭಾರ ಡಿಎಂ ಹೆಗಲಿಗೆ ಬೀಳುತ್ತದೆ. ಅದನ್ನು ನಿಭಾಯಿಸುವ ಡಿಎಂಗಳು ನಮ್ಮಲ್ಲಿದ್ದಾರೆ, ಅವರ ಬಗ್ಗೆ ನನಗೆ ಅಪಾರ ಗೌರವ. ಆದರೆ ಒಬ್ಬರ ಸಜ್ಜನಿಕೆಯ ಮೇಲೆ ನಿಂತದ್ದನ್ನು ಆಟದ ಸಮತೋಲನ ಎಂದು ಕರೆಯುವುದು ಹೇಗೆ?

2024ರ ಪರಿಷ್ಕರಣೆ ಈ ಕೊರತೆಯನ್ನು ಕಂಡಿದೆ, ಅದನ್ನು ಮೆಚ್ಚಬೇಕು. ಫೈಟರ್ ಎರಡನೆಯ ಲೆವೆಲ್‌ನಿಂದಲೇ, ಬೀಗ ಒಡೆಯುವುದೋ ಮಾತಿನಲ್ಲಿ ಒಲಿಸುವುದೋ ವಿಫಲವಾದಾಗ, ತನ್ನ ಚೇತರಿಕೆಯ ಶಕ್ತಿಯನ್ನು ಖರ್ಚು ಮಾಡಿ ಇನ್ನೊಂದು ದಾಳ ಸೇರಿಸಿಕೊಳ್ಳಬಹುದು. ಬಾರ್ಬೇರಿಯನ್ ತನ್ನ ಆವೇಶದಲ್ಲಿ ಹೊಂಚುಹಾಕುವುದಕ್ಕೂ ಸುಳಿವು ಹಿಡಿಯುವುದಕ್ಕೂ ಬಲವನ್ನೇ ಬಳಸಬಹುದು. ಆಯುಧಗಳಿಗೆ ಒಂದೊಂದು ಪಟ್ಟು ಬಂದಿದೆ: ಒಂದು ಕೆಡವುತ್ತದೆ, ಒಂದು ತಳ್ಳುತ್ತದೆ, ಒಂದು ನಿಧಾನಗೊಳಿಸುತ್ತದೆ. ಪ್ಯಾಲಡಿನ್ ಒಂದೇ ಸರದಿಯಲ್ಲಿ ದೈವಬಲದ ಏಟುಗಳನ್ನು ಒಂದರ ಮೇಲೊಂದು ಹಾಕುವುದಕ್ಕೆ ಕಡಿವಾಣ ಬಿದ್ದಿದೆ. ಆದರೆ ಹಲವು ಮಂತ್ರಗಳನ್ನು ತಿದ್ದಿದರೂ ಕಥೆ ತಿರುಗಿಸುವ ದೊಡ್ಡ ಮಂತ್ರಗಳನ್ನು ಹೆಚ್ಚು ಮುಟ್ಟಿಲ್ಲ. ಡೈಮೆನ್ಶನ್ ಡೋರ್ ಇದ್ದಲ್ಲೇ ಇದೆ, ಫೈರ್‌ಬಾಲ್‌ಗೆ ಅದೇ ಎಂಟು ದಾಳ, ಕೊನೆಯಲ್ಲಿ ಬಯಸಿದ್ದನ್ನು ನಿಜ ಮಾಡುವ ವಿಶ್ ಕೂಡ ಇದೆ. ಕೆಳಗಿನವರನ್ನು ಎತ್ತಿದ್ದಾರೆ, ಮೇಲಿನವರನ್ನು ಇಳಿಸಿಲ್ಲ. ಒಂದರಿಂದ ಎಂಟನೆಯ ಲೆವೆಲ್‌ವರೆಗೆ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಹನ್ನೆರಡು ದಾಟಿದ ಮೇಲೆ ಹಳೆಯ ಕಥೆಯೇ. ನಮ್ಮ ಊರಿನ ಬಹುಪಾಲು ಮೇಜುಗಳು ಎಂಟು ದಾಟುವ ಮೊದಲೇ ಚದುರಿಹೋಗುವುದರಿಂದ ಹೊಸ ನಿಯಮಕ್ಕೆ ಹೋಗುವುದು ಲಾಭವೆಂದೇ ನನ್ನ ತೀರ್ಮಾನ.

ಬೇರೆ ಆಟಗಳು ಬೇರೆ ದಾರಿ ಹಿಡಿದಿವೆ. ಪಾತ್‌ಫೈಂಡರ್‌ನ ಎರಡನೆಯ ಆವೃತ್ತಿ 2019ರಲ್ಲಿ ಬಂದಾಗ ಆಯುಧದ ಪರಿಣತಿಯಲ್ಲಿ ಫೈಟರ್‌ನನ್ನು ಎಲ್ಲರಿಗಿಂತ ಒಂದು ಮೆಟ್ಟಿಲು ಮೇಲಿಟ್ಟಿತು. ಅಲ್ಲಿ ಗುರಿಗಿಂತ ಹತ್ತು ಹೆಚ್ಚು ಬಿದ್ದರೆ ಕ್ರಿಟಿಕಲ್ ಆಗುವುದರಿಂದ ಆ ಒಂದು ಮೆಟ್ಟಿಲಿನ ಬೆಲೆ ದೊಡ್ಡದು. ಈಗ ಆ ಆಟದಲ್ಲಿ ದೂರುವವರು ಮಾಂತ್ರಿಕರು. ಡ್ಯಾಗರ್‌ಹಾರ್ಟ್ ಸರದಿಯ ಪಟ್ಟಿಯನ್ನೇ ಕೈಬಿಟ್ಟಿದೆ. ಒಂಬತ್ತು ಕ್ಲಾಸ್, ಒಂಬತ್ತು ವಿದ್ಯಾಕ್ಷೇತ್ರ, ಪ್ರತಿ ಕ್ಲಾಸ್‌ಗೂ ಅವುಗಳಲ್ಲಿ ಎರಡು. ಯೋಧನೂ ಮಾಂತ್ರಿಕನೂ ಒಂದೇ ಬಗೆಯ ಕಾರ್ಡ್ ಹಿಡಿದು ಕೂರುತ್ತಾರೆ. ಸಂಕೋಚದ ಆಟಗಾರರಿರುವ ಮೇಜಿನಲ್ಲಿ ಸರದಿಯಿಲ್ಲದಿರುವುದು ಮಾತುಗಾರರಿಗೇ ಲಾಭ ಮಾಡಿಕೊಡಬಹುದೆಂಬ ಚಿಂತೆ ನನಗಿದೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ಉತ್ತರ 1987ರ ಆರ್ಸ್ ಮ್ಯಾಜಿಕಾ ಆಟದ್ದು. ಮಾಂತ್ರಿಕರು ಉಳಿದವರಿಗಿಂತ ಬಹಳ ಬಲಶಾಲಿಗಳೆಂದು ಅದು ಒಪ್ಪಿಕೊಳ್ಳುತ್ತದೆ, ಮುಚ್ಚಿಡುವುದಿಲ್ಲ. ಪ್ರತಿಯೊಬ್ಬ ಆಟಗಾರನಿಗೂ ಒಬ್ಬ ಮಾಂತ್ರಿಕ, ಒಬ್ಬ ಸಂಗಾತಿ. ಕಾವಲುಗಾರರಂಥ ಸಾಮಾನ್ಯರು ಎಲ್ಲರಿಗೂ ಸೇರಿದವರು. ಈ ವಾರ ನನ್ನ ಮಾಂತ್ರಿಕ ಹೊರಟರೆ ಮುಂದಿನ ವಾರ ನಿಮ್ಮವನು. ಬಲವನ್ನು ಸಮ ಮಾಡದೆ ಬಲಶಾಲಿಯಾಗುವ ಸರದಿಯನ್ನು ಹಂಚಿದರು. ಅದರ ವಿನ್ಯಾಸಕಾರರಲ್ಲಿ ಒಬ್ಬರಾದ ಜೊನಾಥನ್ ಟ್ವೀಟ್ ಮುಂದೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಮೂರನೆಯ ಆವೃತ್ತಿಯ ವಿನ್ಯಾಸಕಾರರಲ್ಲೂ ಒಬ್ಬರು ಎಂಬುದು ಗಮನಾರ್ಹ. ವಾರಕ್ಕೊಬ್ಬರು ಗೈರಾಗುವ ಬೆಂಗಳೂರಿನ ಮೇಜಿಗೆ ಇದಕ್ಕಿಂತ ಹೊಂದುವ ಏರ್ಪಾಡು ನಾನು ಕಂಡಿಲ್ಲ.

ಫೈಟರ್ ಯಾರ ಕೈಗೆ ಹೋಗುತ್ತದೆ

ಇನ್ನು ಭಾಷೆಯ ಮಾತು. ಮೇಜಿಗೆ ಹೊಸಬರು ಬಂದಾಗ ನಾವು ಹೇಳುವ ಮೊದಲ ಮಾತು, ‘ಫೈಟರ್ ತೆಗೆದುಕೊಳ್ಳಿ, ಸುಲಭ.’ ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತೇವೆ. ಫೈಟರ್‌ನ ನಿಯಮ ಕೆಲವೇ ಪುಟಗಳಲ್ಲಿ ಹಿಡಿಯುತ್ತದೆ, ವಿಜಾರ್ಡ್ ಆಗಬೇಕಾದರೆ ಮಂತ್ರಗಳ ಅಧ್ಯಾಯ ಓದಬೇಕು. ಆ ಅಧ್ಯಾಯ ದಟ್ಟವಾದ ಇಂಗ್ಲಿಷಿನಲ್ಲಿದೆ. ಒಂದು ಮಂತ್ರಕ್ಕೆ ಒಂದು ಪ್ಯಾರಾ, ಪ್ರತಿ ವಾಕ್ಯದಲ್ಲೂ ಒಂದು ಷರತ್ತು. ಆದ್ದರಿಂದ ವಿಜಾರ್ಡ್ ಹೋಗುವುದು ಇಂಗ್ಲಿಷ್ ಸರಾಗವಾಗಿ ಓದುವವರಿಗೆ, ಪುಸ್ತಕ ಕೊಂಡವರಿಗೆ. ಕನ್ನಡದಲ್ಲಿ ಯೋಚಿಸಿ ಕನ್ನಡದಲ್ಲಿ ಅದ್ಭುತವಾಗಿ ಕಥೆ ಹೇಳಬಲ್ಲ, ಆದರೆ ಕಾನೂನಿನಂಥ ಇಂಗ್ಲಿಷ್ ಓದಲು ಹಿಂಜರಿಯುವ ಆಟಗಾರರ ಕೈಗೆ ಫೈಟರ್. ಅವರು ಮೂರು ತಿಂಗಳು ಆಡುತ್ತಾರೆ, ಐದನೆಯ ಲೆವೆಲ್ ಬರುತ್ತದೆ, ಕಥೆಯನ್ನು ತಿರುಗಿಸುವ ಕೀಲಿಗಳೆಲ್ಲ ಪಕ್ಕದವರ ಕೈಯಲ್ಲಿರುವುದು ಅವರಿಗೆ ಕಾಣುತ್ತದೆ. ಆಟದೊಳಗಿನ ಅಸಮತೋಲನ ಆಟದ ಹೊರಗಿನ ಅಸಮತೋಲನದ ಗೆರೆಯ ಮೇಲೆಯೇ ಕೂರುತ್ತದೆ. ನನ್ನನ್ನು ಅತಿ ಹೆಚ್ಚು ನೋಯಿಸುವ ಸಂಗತಿ ಇದು. ಸರಳ ಫೈಟರ್‌ನ ಬೆಲೆ ತೆತ್ತವರು ಎಂದು ಮೇಲೆ ಹೇಳಿದ್ದು ಇವರನ್ನೇ.

ಉಚಿತವಾಗಿ ಸಿಗುವ ನಿಯಮಗಳನ್ನು ನೆಚ್ಚಿದವರ ಸ್ಥಿತಿ ಇನ್ನೂ ಬಿಗಿ. 2023ರ ಜನವರಿಯಲ್ಲಿ, ಇತರರು ನಿಯಮಗಳನ್ನು ಬಳಸುವ ಪರವಾನಗಿಯನ್ನು ಬದಲಿಸಲು ಹೊರಟ ವಿಜಾರ್ಡ್ಸ್ ಆಫ್ ದ ಕೋಸ್ಟ್ ಕಂಪನಿ ಆಟಗಾರರ ವಿರೋಧಕ್ಕೆ ಮಣಿದು, ಐದನೆಯ ಆವೃತ್ತಿಯ ಮೂಲ ನಿಯಮಗಳ ದಸ್ತಾವೇಜನ್ನು ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಪರವಾನಗಿಯಡಿ ಎಲ್ಲರಿಗೂ ಬಿಟ್ಟುಕೊಟ್ಟಿತು. ದೊಡ್ಡ ಉಪಕಾರ. ಆದರೆ ಆ ದಸ್ತಾವೇಜಿನಲ್ಲಿ ಪ್ರತಿ ಕ್ಲಾಸ್‌ಗೂ ಒಂದೇ ಉಪವರ್ಗ. ಫೈಟರ್‌ಗೆ ಸಿಕ್ಕಿದ್ದು ಚಾಂಪಿಯನ್, ಆ ನಾಲ್ಕು ಅಡಿ ಹಾರುವವನು. ತಂತ್ರಗಾರಿಕೆಯ ದಾಳಗಳಿರುವ ಬ್ಯಾಟಲ್ ಮಾಸ್ಟರ್ ಅದರಲ್ಲಿಲ್ಲ. ಮಂತ್ರಗಳು ಮಾತ್ರ ಮುನ್ನೂರಕ್ಕೂ ಹೆಚ್ಚು. ವಿಜಾರ್ಡ್‌ಗೆ ಸಿಕ್ಕ ಇವೊಕೇಷನ್ ಶಾಖೆಯಲ್ಲಿ, ಫೈರ್‌ಬಾಲ್ ಎಸೆದಾಗ ತನ್ನವರಿಗೆ ಬೆಂಕಿ ತಾಗದಂತೆ ನೋಡಿಕೊಳ್ಳು‍ವ ವಿದ್ಯೆಯೂ ಇದೆ. ಪುಸ್ತಕ ಕೊಳ್ಳಲಾಗದ ಮೇಜಿನಲ್ಲಿ ಕತ್ತಿ ಮತ್ತು ಮಂತ್ರದ ನಡುವಿನ ಅಂತರ ಪುಸ್ತಕ ಕೊಂಡ ಮೇಜಿಗಿಂತ ಹೆಚ್ಚು. 2025ರಲ್ಲಿ ಪರಿಷ್ಕೃತ ನಿಯಮಗಳ ದಸ್ತಾವೇಜೂ ಅದೇ ರೀತಿ ಮುಕ್ತವಾಯಿತು, ಆಯುಧಗಳ ಪಟ್ಟುಗಳು ಅದರಲ್ಲಿ ಸೇರಿವೆ. ಉಚಿತ ನಿಯಮಗಳಲ್ಲಿ ಆಡುವವರು ಹಳೆಯದನ್ನು ಬಿಟ್ಟು ಇದಕ್ಕೆ ಬರಲು ಇಷ್ಟೇ ಕಾರಣ ಸಾಕು.

ಮುಕ್ತ ಪರವಾನಗಿಯೆಂದರೆ ಮೂಲವನ್ನು ಹೆಸರಿಸಿ ಯಾರು ಬೇಕಾದರೂ ಅನುವಾದಿಸಬಹುದು, ಅಚ್ಚು ಹಾಕಿ ಹಂಚಬಹುದು. ಕನ್ನಡದಲ್ಲಿ ನಿಯಮ ಬರಬೇಕೆಂದು ಹಂಬಲಿಸುವವರು ನಮ್ಮಲ್ಲಿ ಕಡಿಮೆಯಿಲ್ಲ. ಎಲ್ಲಿಂದ ಆರಂಭಿಸಬೇಕೆಂದು ಯಾರಾದರೂ ಕೇಳಿದರೆ, ದಾಳ ಉರುಳಿಸುವ ಕ್ರಮವನ್ನೋ ಫೈಟರ್‌ನ ಅಧ್ಯಾಯವನ್ನೋ ನಾನು ತೋರಿಸುವುದಿಲ್ಲ. ಅವನ್ನು ಬಾಯಲ್ಲಿ ಹೇಳಿಕೊಡುವುದು ಐದು ನಿಮಿಷದ ಕೆಲಸ. ಮಂತ್ರಗಳಿಂದ ಆರಂಭಿಸಿ. ಮುನ್ನೂರನ್ನೂ ಒಮ್ಮೆಗೇ ಮಾಡಬೇಕಿಲ್ಲ. ಮೊದಲ ಲೆವೆಲ್‌ನ ವಿಜಾರ್ಡ್‌ಗೆ ಬೇಕಾದದ್ದು ಮೂರು ಕ್ಯಾಂಟ್ರಿಪ್ (ಎಷ್ಟು ಸಲ ಬೇಕಾದರೂ ಹೇಳಬಹುದಾದ ಸಣ್ಣ ಮಂತ್ರ), ಗ್ರಂಥದಲ್ಲಿ ಆರು ಮಂತ್ರ. ಲೈಟ್, ಮೇಜ್ ಹ್ಯಾಂಡ್, ಫೈರ್ ಬೋಲ್ಟ್; ಮ್ಯಾಜಿಕ್ ಮಿಸೈಲ್, ಶೀಲ್ಡ್, ಸ್ಲೀಪ್, ಮೇಜ್ ಆರ್ಮರ್, ಡಿಟೆಕ್ಟ್ ಮ್ಯಾಜಿಕ್, ಫೆದರ್ ಫಾಲ್. ಒಂದು ಮಂತ್ರಕ್ಕೆ ಒಂದು ಕಾರ್ಡ್: ಎಷ್ಟು ದೂರಕ್ಕೆ, ಎಷ್ಟು ಹೊತ್ತು, ಯಾವ ದಾಳ, ಏನಾಗುತ್ತದೆ. ಒಂಬತ್ತು ಕಾರ್ಡ್‌ಗಳು ಒಂದು ಎ4 ಹಾಳೆಯಲ್ಲಿ ಹಿಡಿಯುತ್ತವೆ, ಯಾವ ಜೆರಾಕ್ಸ್ ಅಂಗಡಿಯಲ್ಲೂ ಮಾಡಿಸಬಹುದು. ಮುಂದಿನ ಬಾರಿ ಹೊಸಬರು ಬಂದಾಗ ಆ ಹಾಳೆಯನ್ನು ಅವರ ಮುಂದಿಟ್ಟು, ಇಂಗ್ಲಿಷ್ ಪುಸ್ತಕ ಓದಬಲ್ಲ ಹಳಬರು ಫೈಟರ್ ತೆಗೆದುಕೊಳ್ಳಲಿ.